ಹೆಣ್ಣುಮಕ್ಕಳಿಗೆ ಒಪ್ಪುವ ಬಾಲನ್ಯಾಯ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನೂರು ತುಂಬಿದ ಶಾಲೆಯು ತನ್ನಲ್ಲಿ ಕಲಿತು ಮೇಲೇರಿದವರನ್ನು ನೆನೆಯುವುದು ಸಹಜ. ನಡುವೆಯೇ ಹಾಜರಿ ಪುಸ್ತಕದಿಂದ ಮರೆಯಾದ ಹುಡುಗಿಯರನ್ನೂ ಈ ದಿನ ನೆನೆಯಬೇಕೆಂದು ನಾವು ಬಯಸುತ್ತೇವೆ. ಅಂಥವಳೊಬ್ಬಳ ಮೇಲೆ ಅಪರಾಧದ ಆರೋಪ ಬಂದರೆ ಅವಳಿಗೆ ದೊರೆಯುವ ನೆರವು ಹೇಗಿರಬೇಕು?

2015ರ ಬಾಲನ್ಯಾಯ ಕಾಯಿದೆಯ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳೇ. ಅವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಪ್ರಯಾಣದ ವೇಳೆಯನ್ನು ಬಿಟ್ಟು 24 ಗಂಟೆಗಳೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯ ಇಬ್ಬರು ಸಮಾಜಸೇವಕ ಸದಸ್ಯರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಮಗುವನ್ನು ಸಂಸ್ಥೆಯಲ್ಲಿರಿಸುವುದು ಕಟ್ಟಕಡೆಯ ಉಪಾಯ.

ಆದರೆ ಈ ವ್ಯವಸ್ಥೆಯೊಳಗೆ ಬರುವವರಲ್ಲಿ ಗಂಡುಮಕ್ಕಳೇ ಬಹುಪಾಲು. ಆದುದರಿಂದ ಕಾರ್ಯಕ್ರಮಗಳೂ ಅವರನ್ನೇ ಕಣ್ಣಮುಂದಿಟ್ಟುಕೊಂಡು ರೂಪುಗೊಂಡಿವೆ. ಹುಡುಗಿಯ ದಾರಿ ಬೇರೆ. ಅವಳ ತಪ್ಪಿನ ಹಿಂದೆ ಅನೇಕ ವೇಳೆ ಅವಳೇ ಅನುಭವಿಸಿದ ದೌರ್ಜನ್ಯವಿರುತ್ತದೆ, ಮನೆಯೊಳಗಿನ ಹೊಡೆತವಿರುತ್ತದೆ, ಒಲ್ಲದ ಮದುವೆಯ ಭೀತಿಯಿರುತ್ತದೆ. ರಕ್ಷಣೆಯ ಹೆಸರಿನಲ್ಲಿ ಅವಳನ್ನು ಕೂಡಿಹಾಕುವುದು ಸುಲಭ. ಅದು ನ್ಯಾಯವಲ್ಲ.

ಆದುದರಿಂದ ಕಾರ್ಯಕ್ರಮವು ‘ನೀನೇನು ಮಾಡಿದೆ’ ಎಂಬುದರ ಜೊತೆಗೆ ‘ನಿನಗೇನಾಯಿತು’ ಎಂದೂ ಕೇಳಬೇಕು. ಮಹಿಳಾ ಆಪ್ತಸಮಾಲೋಚಕಿಯರು, ಮುಟ್ಟಿನ ದಿನಗಳ ಅನುಕೂಲ, ತಾಯಿ ಮತ್ತು ಒಡಹುಟ್ಟಿದವರೊಡನೆ ಒಡನಾಟ, ನಿಲ್ಲದ ಓದು, ಹೊಲಿಗೆ–ಕಸೂತಿಗಷ್ಟೇ ಸೀಮಿತವಾಗದ ತರಬೇತಿ: ಇವೆಲ್ಲವೂ ಅವಳ ವೈಯಕ್ತಿಕ ಪಾಲನಾ ಯೋಜನೆಯಲ್ಲಿ ಸೇರಬೇಕು. ಹುಡುಗಿಯರಿಗೆ ಹುಡುಗರಿಗಿಂತ ಕಡಿಮೆ ಆರೈಕೆ, ಕಡಿಮೆ ತರಬೇತಿ ದೊರೆಯಬಾರದೆಂದು ವಿಶ್ವಸಂಸ್ಥೆಯು 1985ರ ಬೀಜಿಂಗ್ ನಿಯಮಗಳಲ್ಲಿಯೇ ಸಾರಿದೆ.

ಗಡಿನಾಡಿನವರಾದ ನಮಗೆ ಇನ್ನೊಂದು ಹೊಣೆಯಿದೆ. ಕಾಸರಗೋಡಿನ ನಮ್ಮ ಹುಡುಗಿ ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುತ್ತಾಳೆ, ಶಾಲೆಯಲ್ಲಿ ಕನ್ನಡದಲ್ಲಿ ಓದುತ್ತಾಳೆ. ಕಚೇರಿಯಲ್ಲಿ ಅವಳಿಗೆ ಎದುರಾಗುವುದು ಮಲಯಾಳ. ತಿಳಿಯದ ಪ್ರಶ್ನೆಯ ಮುಂದೆ ಅವಳು ಮೌನವಾದರೆ ಆ ಮೌನವನ್ನು ತಪ್ಪೊಪ್ಪಿಗೆಯೆಂದು ಎಣಿಸುವ ಅಪಾಯವಿದೆ. ವಿಚಾರಣೆಯ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ಮಂಡಳಿಯು ದುಭಾಷಿಯನ್ನು ಒದಗಿಸಬೇಕೆಂದು ಕಾಯಿದೆಯೇ ಹೇಳುತ್ತದೆ. ಈ ಹಕ್ಕನ್ನು ಹೆತ್ತವರಿಗೆ ತಿಳಿಸುವುದೂ ಅರ್ಹ ದುಭಾಷಿಗಳನ್ನು ಸಿದ್ಧಗೊಳಿಸುವುದೂ ಕನ್ನಡ ಶಾಲೆಗಳಿಂದ ಆಗಬಹುದಾದ ಕೆಲಸ.

ಕೊನೆಯದಾಗಿ, ಅವಳು ಮರಳಿ ಬಂದ ದಿನದ ಮಾತು. ಮಗುವಿನ ಗುರುತನ್ನು ಬಹಿರಂಗಪಡಿಸುವುದನ್ನು ಕಾಯಿದೆ ನಿಷೇಧಿಸಿದೆ. ಹೊಸ ಬಾಳನ್ನು ಆರಂಭಿಸುವ ಹಕ್ಕನ್ನು ಮಗುವಿಗೆ ಕೊಟ್ಟಿದೆ. ಆದರೆ ಊರಿನ ಪಿಸುಮಾತನ್ನು ಕಾಯಿದೆಯೊಂದೇ ತಡೆಯಲಾರದು. ಅವಳು ಕುಳಿತಿದ್ದ ಬೆಂಚಿನಲ್ಲಿ ಅವಳಿಗೆ ಮತ್ತೆ ಜಾಗ ಕೊಟ್ಟು, ಹಾಜರಿ ಕರೆಯುವಾಗ ಅವಳ ಹೆಸರನ್ನು ಎಲ್ಲರ ಹೆಸರಿನಂತೆಯೇ ಕರೆಯಬಲ್ಲವರು ಅಧ್ಯಾಪಕರು. ಎರಡನೆಯ ನೂರಕ್ಕೆ ಕಾಲಿಡುತ್ತಿರುವ ಈ ಶಾಲೆಯಿಂದ ನಾವು ಬೇಡುವುದು ಅದನ್ನೇ.