ಕೆರೆ ಏರಿಯ ಈಚಲು, ಅಂಗಡಿಯ ಖರ್ಜೂರ



ಶ್ರೀನಿವಾಸಪುರಕ್ಕೆ ಬಂದು, ಅದೂ ಮಾವಿನ ಸುಗ್ಗಿಯಲ್ಲಿ, ಈಚಲಿನ ಮಾತೆತ್ತುವವನನ್ನು ಈ ಊರು ಕ್ಷಮಿಸಬೇಕು. ತಪ್ಪು ನನ್ನೊಬ್ಬನದಲ್ಲ. ಇಲ್ಲಿನ ಪ್ರದರ್ಶನದ ಮೊದಲ ಮೇಜಿನಲ್ಲೇ ಖರ್ಜೂರದ ಗೊನೆ, ಈಚಲು ಗೊನೆ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದಾರೆ. ಖರ್ಜೂರ ಹೆಬ್ಬೆರಳ ಗಾತ್ರ, ಬಾಯಿ ತುಂಬ ತಿರುಳು. ಈಚಲು ಹಣ್ಣಿಗೆ ಬಣ್ಣಕ್ಕೇನೂ ಬರವಿಲ್ಲ. ಕಚ್ಚಿದರೆ ಹಲ್ಲಿಗೆ ಸಿಗುವುದು ಮಾತ್ರ ಬೀಜ.

ಆದರೂ ಇವೆರಡೂ ಹತ್ತಿರದ ನೆಂಟರು. ವರ್ಣತಂತುಗಳನ್ನು ಎಣಿಸಿದರೆ ಎರಡಕ್ಕೂ ಸಾಮಾನ್ಯವಾಗಿ ಸಿಗುವ ಲೆಕ್ಕ 36, ಅಂದರೆ 18 ಜೊತೆ. ಖರ್ಜೂರಕ್ಕೆ 28, 32 ಎಂದು ಬರೆದ ವರದಿಗಳೂ ಇವೆ. ಎಳೆ ಬೇರಿನ ತುದಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲೆ ಹೆಬ್ಬೆರಳಲ್ಲಿ ಒತ್ತಿ ಹರಡಿದವರಿಗೆ ಗೊತ್ತು: ಈ ತಂತುಗಳು ಬಲು ಗಿಡ್ಡ, ಒಂದರ ಮೇಲೊಂದು ಬಿದ್ದರೆ ಎರಡು ಒಂದಾಗಿ ಕಾಣುತ್ತವೆ. ಕೆಲವು ಗಿಡಗಳಲ್ಲಿ ನಿಜವಾಗಿಯೂ ವ್ಯತ್ಯಾಸ ಇರಬಹುದು. ಆದರೆ ಒಂದೆರಡು ಕೋಶ ನೋಡಿ ಬರೆದ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ರೇಷ್ಮೆ ಮಾಡುವವರಿಗೆ ಈ ಲೆಕ್ಕ ಹೊಸದಲ್ಲ. ಹಿಪ್ಪುನೇರಳೆಯಲ್ಲಿ ಸಾಧಾರಣ ಗಿಡಕ್ಕೆ 28, ತ್ರಿಗುಣಿತ ತಳಿಗೆ 42. ಅಲ್ಲಿ ಸಂಖ್ಯೆಯೇ ಏರುತ್ತದೆ. ಖರ್ಜೂರ, ಈಚಲಿನಲ್ಲಿ ಹಾಗಲ್ಲ. ಸಂಖ್ಯೆ ಅದೇ, ಒಳಗಿನ ವಂಶವಾಹಿಗಳು ಬೇರೆ. ಅರಬ್ಬರ ನಾಡಿನ ಕೃಷಿಕರು ಸಾವಿರಾರು ವರ್ಷ ಸಿಹಿ ಮರವನ್ನೇ ಹುಡುಕಿ, ಅದರ ಬುಡದ ಮರಿ ಕಿತ್ತು ನೆಟ್ಟು ಬೆಳೆಸಿದರು. ನಮ್ಮ ಈಚಲನ್ನು ಹಣ್ಣಿಗಾಗಿ ಯಾರು ಆರಿಸಿದರು? ನಮಗೆ ಬೇಕಾಗಿದ್ದದ್ದು ಹೆಂಡ, ಪೊರಕೆ, ಚಾಪೆ.

ಇನ್ನೊಂದು ಮಾತು. ಎರಡರಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಖರ್ಜೂರದಲ್ಲಿ ಲಿಂಗ ನಿರ್ಧಾರ ನಮ್ಮ ಹಾಗೆಯೇ, ಎಕ್ಸ್, ವೈ ಲೆಕ್ಕ. ಬೀಜ ಹಾಕಿದರೆ ಹೆಚ್ಚುಕಡಿಮೆ ಅರ್ಧ ಗಿಡ ಗಂಡಾಗುತ್ತವೆ. ಹೂ ಬಿಡುವ ತನಕ, ಅಂದರೆ ನಾಲ್ಕೈದು ವರ್ಷ, ನೀರು ಗೊಬ್ಬರ ಹಾಕಿದವನಿಗೂ ಅದು ಗೊತ್ತಾಗುವುದಿಲ್ಲ. ಅದಕ್ಕೇ ಈಗ ಅಂಗಾಂಶ ಕೃಷಿಯ ಬರ್ಹಿ ತಳಿಯ ಸಸಿ ತರುತ್ತಾರೆ. ಎಲ್ಲವೂ ಹೆಣ್ಣಾದ ಮೇಲೆ ಪರಾಗ ಎಲ್ಲಿಂದ? ಈಚಲಿನ ಗಂಡು ಹೊಂಬಾಳೆ ಕೊಡವಿದರೆ ಉದುರುವ ಬಿಳಿ ಪುಡಿಯಿಂದಲೂ ಖರ್ಜೂರ ಕಾಯಿ ಕಚ್ಚುತ್ತದೆ. ಪರಾಗ ಯಾವ ಮರದ್ದು ಎಂಬುದರ ಮೇಲೆ ಹಣ್ಣಿನ ಗಾತ್ರ, ಮಾಗುವ ಹೊತ್ತು ಹಿಂದೆಮುಂದೆ ಆಗುವುದೂ ಉಂಟು.

ಆದ್ದರಿಂದ ತೋಟಗಾರಿಕೆ ಓದುತ್ತಿರುವ ಕಾಲೇಜಿನ ಮಕ್ಕಳಿಗೆ ಒಂದು ಕೆಲಸ ಹಚ್ಚುತ್ತೇನೆ. ಚಳಿ ಕಳೆದು ಹೊಂಬಾಳೆ ಒಡೆಯುವಾಗ ನಿಮ್ಮ ನಿಮ್ಮ ಊರಿನ ಕೆರೆ ಏರಿ, ಕಾಲುವೆ ದಂಡೆ ಸುತ್ತಿ, ಯಾವುದು ಗಂಡು, ಯಾವುದು ಹೆಣ್ಣು, ಯಾವುದರ ಹಣ್ಣಿಗೆ ತಿರುಳು ಜಾಸ್ತಿ ಎಂದು ಬರೆದಿಡಿ. ಪಂಚಾಯಿತಿಯವರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಹೂಳೆತ್ತಲು ಜೆಸಿಬಿ ಬಂದಾಗ ಏರಿಯ ಮೇಲೆ ನಾಲ್ಕು ಗಂಡು ಈಚಲನ್ನಾದರೂ ಉಳಿಸಿ. ಪ್ರದರ್ಶನ ಉದ್ಘಾಟನೆಯಾಗಿದೆ. ಸೂಕ್ಷ್ಮದರ್ಶಕ ಎರಡನೇ ಮೇಜಿನಲ್ಲಿದೆ, ದೊಡ್ಡವರು ಸ್ವಲ್ಪ ಹಿಂದೆ ನಿಂತು ಮಕ್ಕಳಿಗೆ ಮೊದಲು ಜಾಗ ಬಿಡಿ.