ಸಲೋಮೆ ಮತ್ತು ಅನುಮತಿಯ ಕಡತ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಉಪನ್ಯಾಸ)



ಪಾಶ್ಚಾತ್ಯ ಸಂಗೀತದಲ್ಲಿ ನಾನು ಪಂಡಿತನಲ್ಲ. ಮೂವತ್ತು ವರ್ಷ ಕೇಂದ್ರ ಸರಕಾರದ ಕಡತಗಳ ನಡುವೆ ಕಳೆದವನು. ರಿಚರ್ಡ್ ಸ್ಟ್ರಾಸ್‌ನ ಜರ್ಮನ್ ಆಪೆರಾ 'ಸಲೋಮೆ'ಯ ಪ್ರದರ್ಶನ ಚರಿತ್ರೆ ನನ್ನನ್ನು ಸೆಳೆದದ್ದೂ ಆ ಕಾರಣದಿಂದಲೇ.

ಕಥೆ ಬೈಬಲ್ಲಿನದು, ಆಸ್ಕರ್ ವೈಲ್ಡ್ ಅದನ್ನು ಫ್ರೆಂಚಿನಲ್ಲಿ ನಾಟಕವಾಗಿಸಿದ್ದ. ದೊರೆ ಹೆರೋದನೆದುರು ನರ್ತಿಸಿದ ಸಲೋಮೆ, ಪ್ರವಾದಿ ಯೋಹಾನನ ತಲೆಯನ್ನೇ ಬಹುಮಾನವಾಗಿ ಕೇಳಿ ಪಡೆದು, ಅದರ ತುಟಿಗೆ ಮುತ್ತಿಡುತ್ತಾಳೆ. 1905ರ ಡಿಸೆಂಬರ್ 9ರಂದು ಡ್ರೆಸ್ಡೆನ್ನಿನಲ್ಲಿ ಪ್ರಥಮ ಪ್ರದರ್ಶನ. ತಾನು ಮರ್ಯಾದಸ್ಥಳೆಂದು ಮುಖ್ಯ ಗಾಯಕಿ ಮೇರಿ ವಿಟಿಖ್ ಮೊದಲು ಹಟ ಹಿಡಿದಳು. ಏಳು ಮುಸುಕುಗಳ ನೃತ್ಯಕ್ಕೆ ಬೇರೊಬ್ಬ ನರ್ತಕಿಯನ್ನು ಕರೆತರಬೇಕಾಯಿತು. ಆದರೂ ಪ್ರೇಕ್ಷಕರು ಕಲಾವಿದರನ್ನು ಮೂವತ್ತೆಂಟು ಬಾರಿ ರಂಗಕ್ಕೆ ಕರೆಸಿಕೊಂಡರಂತೆ.

ವಿಯೆನ್ನಾದ ಆಸ್ಥಾನ ಆಪೆರಾದ ನಿರ್ದೇಶಕ ಗುಸ್ತಾವ್ ಮಾಹ್ಲರ್ ಅನುಮತಿಗಾಗಿ ಹೋರಾಡಿದ. ಧರ್ಮ ಮತ್ತು ನೀತಿಯ ಕಾರಣ ಕೊಟ್ಟು ಸೆನ್ಸಾರ್ ಅಧಿಕಾರಿ ನಿರಾಕರಿಸಿದ. 1906ರ ಮೇ ತಿಂಗಳಲ್ಲಿ, ಅದೇ ಆಸ್ಟ್ರಿಯದ ಗ್ರಾಟ್ಸ್ ಎಂಬ ಸಣ್ಣ ನಗರದಲ್ಲಿ ಸ್ಟ್ರಾಸ್‌ನೇ ಅದನ್ನು ನಡೆಸಿಕೊಟ್ಟಾಗ ಮಾಹ್ಲರ್ ಅಲ್ಲಿಗೆ ಹೋಗಿ ನೋಡಬೇಕಾಯಿತು, ಪುಚಿನಿಯೂ ಬಂದಿದ್ದ. ಆಸ್ಥಾನ ಆಪೆರಾದಲ್ಲಿ 'ಸಲೋಮೆ' ರಂಗವೇರಿದ್ದು 1918ರ ಅಕ್ಟೋಬರಿನಲ್ಲಿ. ಮಾಹ್ಲರ್ ತೀರಿಕೊಂಡು ಆಗಲೇ ಏಳು ವರ್ಷಗಳಾಗಿದ್ದವು.

ಬರ್ಲಿನ್ನಿನ ಅಧಿಕಾರಿಗಳು ಹೆಚ್ಚು ಚತುರರು. ಕೈಸರನನ್ನು ಒಪ್ಪಿಸಲು, ಕೊನೆಯಲ್ಲಿ ಆಗಸದಲ್ಲಿ ಬೆತ್ಲೆಹೇಮಿನ ನಕ್ಷತ್ರವನ್ನು ಮೂಡಿಸುವ ಉಪಾಯ ಹೂಡಿದರು. ಕ್ರಿಸ್ತನ ಜನನವನ್ನು ಸಾರಿದ ನಕ್ಷತ್ರವದು. ಈ ಕಥೆಯಲ್ಲಾದರೋ ಕ್ರಿಸ್ತನಾಗಲೇ ಬೆಳೆದು ಗಲಿಲಾಯದಲ್ಲಿ ಸಂಚರಿಸುತ್ತಿದ್ದಾನೆ! ಸುಮಾರು ಮೂವತ್ತು ವರ್ಷ ತಡವಾಗಿ ಬಂದ ನಕ್ಷತ್ರ. ನಮ್ಮ ಕಚೇರಿಯ ಭಾಷೆಯಲ್ಲಿ ಇದಕ್ಕೆ 'ಷರತ್ತಿಗೊಳಪಟ್ಟು ಮಂಜೂರಾತಿ' ಎನ್ನುತ್ತಾರೆ. ಕೇಳಿದಾಗ ನಾನು ನಕ್ಕೆ; ಆಮೇಲೆ ನಗು ನಿಂತಿತು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ನಿನಲ್ಲಿ 1907ರ ಜನವರಿ 22ರಂದು ಒಂದೇ ಪ್ರದರ್ಶನ; ಶ್ರೀಮಂತ ಆಡಳಿತವರ್ಗ ಅದನ್ನು ನಿಲ್ಲಿಸಿತು. ಆ ರಂಗಕ್ಕೆ ಅದು ಮರಳಿದ್ದು 1934ರಲ್ಲಿ. ಲಂಡನ್ನಿನಲ್ಲಿ 1910ರಲ್ಲಿ ಮಾತುಗಳನ್ನು ತಿದ್ದಿದ ಮೇಲೆಯೇ ಪರವಾನಗಿ.

ನಗು ನಿಂತದ್ದೇಕೆಂದು ಹೇಳಿಬಿಡುತ್ತೇನೆ. ಸೇವೆಯ ಮೊದಲ ವರ್ಷಗಳಲ್ಲಿ, ಸರಕಾರಿ ಸಭಾಂಗಣವೊಂದನ್ನು ಬೇಡಿದ ಹುಡುಗರ ನಾಟಕ ತಂಡದ ಅರ್ಜಿ ನನ್ನ ಮೇಜಿಗೆ ಬಂದಿತ್ತು. ನಾಟಕದಲ್ಲಿ ಪುರೋಹಿತನೊಬ್ಬನ ಗೇಲಿಯಿತ್ತು. ನಾನು ನಿರಾಕರಿಸಲಿಲ್ಲ. 'ಪರಿಶೀಲನೆಯಲ್ಲಿದೆ' ಎಂದು ಬರೆದು ಕಡತವನ್ನು ಮೇಲಕ್ಕೆ ಕಳಿಸಿದೆ. ಅದು ಕೆಳಗಿಳಿದು ಬರುವಷ್ಟರಲ್ಲಿ ಅವರು ಕೇಳಿದ್ದ ತಾರೀಖು ಕಳೆದು ಹನ್ನೊಂದು ದಿನವಾಗಿತ್ತು. ಹುಡುಗರು ಮತ್ತೆ ಬರಲಿಲ್ಲ.