ಎರೆಭೂಮಿಯಲ್ಲಿ ಒಂದು ಹಗಲು

(ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಬಯಲುಸೀಮೆಯೆಂದರೆ ಮರಳುಗಾಡು ಎಂಬ ಭಾವನೆ ನಮ್ಮ ಮಲೆನಾಡಿಗರಲ್ಲಿ ಆಳವಾಗಿ ಬೇರೂರಿದೆ. ನನ್ನಲ್ಲೂ ಇತ್ತು. ಒಂದು ಎಳ್ಳಮಾವಾಸ್ಯೆಯಂದು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಸುತ್ತಿದ ಮೇಲೆ ಅದು ಸಡಿಲಿತು.

ಬೆಳಿಗ್ಗೆ ಆಳಂದದ ಲಾಡ್ಲೆ ಮಶಾಕ್ ದರ್ಗಾದ ಬಳಿಯಿಂದ ಹೊರಟೆವು. ಊರು ದಾಟಿದರೆ ದಿಗಂತದವರೆಗೆ ಮರಗಳೇ ವಿರಳ. ಅಲ್ಲಿನ ಮಳೆ ವರ್ಷಕ್ಕೆ ಸುಮಾರು 700 ಮಿ.ಮೀ.; ನಮ್ಮ ಆಗುಂಬೆಯ ಹತ್ತರಲ್ಲೊಂದು ಪಾಲು. ಮಳೆ ನಿಂತು ಎಷ್ಟೋ ದಿನಗಳಾಗಿದ್ದರೂ ಬಿಳಿಜೋಳ ಹಸಿರಾಗಿ ನಿಂತಿತ್ತು. ನೀರು ಮಣ್ಣಿನಲ್ಲಿತ್ತು. ನಮ್ಮ ಜಂಬಿಟ್ಟಿಗೆ ಮಣ್ಣು ಬಿದ್ದ ನೀರನ್ನು ಬೇಗ ಇಳಿಯಗೊಡುತ್ತದೆ. ಎರೆಮಣ್ಣಿನ ಜೇಡಿಕಣಗಳು ಅದನ್ನು ಹೀರಿ, ಉಬ್ಬಿ, ತಿಂಗಳುಗಟ್ಟಲೆ ಹಿಡಿದಿಡುತ್ತವೆ. ಬೇಸಿಗೆಯಲ್ಲಿ ನಾವು ಕಂಡು ಮರುಗುವ ಆ ಬಿರುಕುಗಳೇ ಮೊದಲ ಮಳೆ ಒಳಹೋಗುವ ಬಾಗಿಲುಗಳು.

ಮಧ್ಯಾಹ್ನ ಅಫಜಲಪುರ ತಾಲ್ಲೂಕಿನ ಒಂದು ಹೊಲದಲ್ಲಿ ಚರಗ. ಭೂತಾಯಿಗೆ ಎಡೆಯಿಟ್ಟು, ಹೊಲದ ಸುತ್ತ ಚರಗ ಚೆಲ್ಲಿ, ಮನೆಯವರೆಲ್ಲ ಬದುವಿನ ಮೇಲೆ ಉಣ್ಣಲು ಕುಳಿತರು. ಸಜ್ಜೆ ರೊಟ್ಟಿ, ಕಡುಬು, ಹಲವು ಕಾಳು-ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ. “ಇವೆಲ್ಲ ಇದೇ ಹೊಲದವೇ?” ಎಂದು ಮನೆಯ ಅಜ್ಜಿಯನ್ನು ಕೇಳಿದೆ.

“ಇಲ್ರೀ ಸರ, ತೊಗರಿ ಅಷ್ಟ ನಮ್ದು. ಉಳದದ್ದು ಸಂತ್ಯಾಗಿಂದು.”

ಹಿಂದೆ ತೊಗರಿಯ ಸಾಲುಗಳ ನಡುವೆ ಹೆಸರು, ಉದ್ದು, ಸಜ್ಜೆ, ಎಳ್ಳು ಅಕ್ಕಡಿಯಾಗಿ ಬರುತ್ತಿದ್ದವಂತೆ. ನಾಲ್ಕು ಬೆಳೆಯನ್ನು ನಾಲ್ಕು ಸಲ ಕೊಯ್ಯಲು ಆಳುಗಳಿಲ್ಲವೆಂದು ಕೈಬಿಟ್ಟರು. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. 2022–23ರಲ್ಲಿ ಅದೇ ತೊಗರಿ ನೆಟೆರೋಗದಿಂದ ಜಿಲ್ಲೆಯ ಉದ್ದಗಲಕ್ಕೂ ಒಣಗಿತು. ಈ ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಜೋಳದೊಂದಿಗೆ ಬೆಳೆ ಬದಲಿಸಿದರೆ ಅದರ ಹಾವಳಿ ತಗ್ಗುತ್ತದೆ; ತೊಗರಿಯ ಮೇಲೆ ತೊಗರಿ ಬಿತ್ತಿದರೆ ಹೆಚ್ಚುತ್ತದೆ. ರೈತರನ್ನಷ್ಟೇ ದೂರಲಾರೆ. ಒಂದೇ ಬೆಳೆಯ ಇಳುವರಿಯನ್ನು ಅಳೆದು ತೋರಿಸಿದವರು ನಮ್ಮಂಥ ಕೃಷಿ ವಿಜ್ಞಾನಿಗಳೇ.

ಅಮರಜಾ ನದಿ ಭೀಮೆಯನ್ನು ಸೇರುವ ಗಾಣಗಾಪುರವನ್ನು ನೋಡಿ ಜೇವರ್ಗಿಯತ್ತ ಹೊರಟಾಗ ಇಳಿಹೊತ್ತು. ಅಜ್ಜಿಯ ಮೊಮ್ಮಗ ಜೊತೆಗಿದ್ದ. ಭೀಮೆಯ ಸೇತುವೆಯ ಮೇಲೆ ಕೇಳಿದ: “ನಿಮ್ಮ ಕಡಿ ಏನ್ ಬೆಳಿತೀರಿ ಸರ?”

“ಅಡಿಕೆ.”

“ಅದರ ಜೋಡಿ?”

ಮೆಣಸು, ಏಲಕ್ಕಿ ಎಂದೆ. ಅಂದ ಮೇಲೆ, ನಮ್ಮ ತೋಟದ ಕೊನೆಯ ಏಲಕ್ಕಿ ಹಿಂಡಿಲು ಹೋಗಿ ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕುತ್ತ ಕುಳಿತೆ.